ಊಟ ಆಯ್ತೇನೋ, ಯಜಮಾನ?

ನಮ್ಮ ಕ್ರೈಸ್ತ ಸಭೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ದಿವಂಗತ ಗಿಲ್ ಸುನ್‌ಬೊಕ್ ಅವರ ಬಗ್ಗೆ ಅರ್ಧ ಪುಟದ ಟಿಪ್ಪಣಿಯೊಂದು ಅಚ್ಚಾಗಿದೆ. ಅದರಲ್ಲಿ ಅವರ ಹೆಸರನ್ನು ಬಿಟ್ಟರೆ ಸರಿಯಾದದ್ದು ಏನೂ ಇಲ್ಲ. ಅವರು ಬಿಸ್ಕತ್ತಿನ ಕಾರ್ಖಾನೆಯಲ್ಲಿ ದುಡಿದರಂತೆ. ಪರದೇಶದ ಯುವಕನೊಬ್ಬನಿಗೆ ಸನ್ನಡತೆ ಕಲಿಸಿದರಂತೆ. ಆತ ಎಲ್ಲರೆದುರು ಕ್ಷಮೆ ಬೇಡಿ ಕರ್ತನನ್ನು ಅಂಗೀಕರಿಸಿದನಂತೆ! ಕಾರ್ಖಾನೆ ಬಿಸ್ಕತ್ತಿನದಲ್ಲ, ಓಮುಕ್‌ನದು. ಪರದೇಶದವರು ಯುವಕರಲ್ಲ, ಎರಡು ಹೆಣ್ಣುಮಕ್ಕಳ ತಂದೆ. ಅವರು ಬರುವಾಗಲೂ ಹಿಂದೂ, ಹೋಗುವಾಗಲೂ ಹಿಂದೂ. ಕ್ಷಮೆಯ ಸಂಗತಿಯಂತೂ ತಲೆಕೆಳಗಾಗಿದೆ. ಬರೆದವರು ಯಾರನ್ನಾದರೂ ಕೇಳಬಹುದಿತ್ತು. ಆ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಂಡು ಅಲ್ಲಿಯೇ ನಿವೃತ್ತನಾದ ನಾನು ಸಭಾಮಂದಿರದ ಹಿಂದಿನ ಬೀದಿಯಲ್ಲಿಯೇ ಇದ್ದೇನೆ. ಯಾರೂ ಕೇಳಲಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ.

ಬುಸಾನಿನ ಪಶ್ಚಿಮಕ್ಕೆ, ಮೀನಿನ ಧಕ್ಕೆಗೆ ಹತ್ತಿರವಾಗಿ ನಮ್ಮ ಕಾರ್ಖಾನೆ ಇತ್ತು. ಮೀನನ್ನು ಅರೆದು, ಹಿಟ್ಟಿನೊಡನೆ ನಾದಿ, ತಟ್ಟಿ, ಎಣ್ಣೆಯಲ್ಲಿ ಕರಿದು ತೆಗೆದರೆ ಓಮುಕ್. ಕರಿಯುವ ಸಾಲಿಗೆ ಸುನ್‌ಬೊಕ್ ಅವರೇ ಮೇಸ್ತ್ರಿ. ಗಿಡ್ಡ ಹೆಂಗಸು, ಅಗಲ ಮುಖ, ಎಣ್ಣೆಯ ಕಾವಿಗೆ ವರ್ಷವಿಡೀ ಕೆಂಪಗಿರುತ್ತಿದ್ದ ಕೆನ್ನೆ. ಸಭೆಯಲ್ಲಿ ಅವರು ಕ್ವೊನ್ಸಾ, ಅಂದರೆ ಹಿರಿಯ ಸೇವಕಿ. ಆದರೂ ಎದ್ದು ನಿಂತು ಪ್ರಾರ್ಥಿಸಿರೆಂದು ಪಾದ್ರಿಗಳು ಕರೆದರೆ ಮುಂದಿನವರ ಬೆನ್ನ ಹಿಂದೆ ಅಡಗುತ್ತಿದ್ದರು. ಅವರ ಭಕ್ತಿಯೆಲ್ಲ ಕೈಗಳಲ್ಲಿತ್ತು. ಚಳಿಗಾಲದಲ್ಲಿ ಎಲ್ಲರಿಗಿಂತ ಮುಂಚೆ ಬಂದು, ಸಾಲಿನವರ ರಬ್ಬರ್ ಕೈಗವಸುಗಳನ್ನು ಹಬೆಯ ಪೈಪಿನ ಮೇಲೆ ಹರವಿ ಬೆಚ್ಚಗೆ ಮಾಡಿಡುತ್ತಿದ್ದರು. ಹಬೆಯ ಪೈಪಿನ ಮೇಲೆ ಯಾವ ವಸ್ತುವನ್ನೂ ಇಡತಕ್ಕದ್ದಲ್ಲ ಎಂಬುದು ನಿಯಮ. ನಾನು ಅದನ್ನು ಅವರಿಗೆ ತಿಳಿಸಿದ್ದೆ.

"ಹೌದಲ್ವಾ, ನಾಳೆಯಿಂದ ಇಡಲ್ಲ" ಎನ್ನುತ್ತಿದ್ದರು. ಮರುದಿನ ಕೈಗವಸುಗಳು ಅಲ್ಲಿಯೇ ಇರುತ್ತಿದ್ದವು.

ಸಾಲಿನಲ್ಲಿ ಬಾಂಗ್ ಮಾಲ್ಸುನ್ ಎಂಬ ಹರಿತ ನಾಲಿಗೆಯ ಹೆಂಗಸೊಬ್ಬರಿದ್ದರು. ಚರ್ಚಿಗೂ ಹೋಗದ, ದೇವಸ್ಥಾನಕ್ಕೂ ಹೋಗದ ಅವರಿಗೆ ಸುನ್‌ಬೊಕ್ ಅವರನ್ನು ಕೆಣಕುವುದೇ ದಿನದ ಪೂಜೆ.

"ಅಕ್ಕಾ, ಸ್ವರ್ಗದಲ್ಲಿ ನಿಂಗೆ ಕಿಟಕಿ ಪಕ್ಕದ ಸೀಟು ಗ್ಯಾರಂಟಿ. ನಂಗೂ ಒಂದು ಟವೆಲ್ ಹಾಕಿಟ್ಟಿರು."

"ಸೀಟು ಆಮೇಲೆ ನೋಡೋಣ, ಮೊದ್ಲು ಜಾಲರಿ ಎತ್ತು, ಸೀಯ್ತಿದೆ. ಭಾನುವಾರ ಅಷ್ಟು ಗಟ್ಟಿಯಾಗಿ ಹಾಡಿರ್ತೀವಿ ಕಣೇ. ಸೋಮವಾರ ಬಾಣಲೆ ಮುಂದೆ ಅದು ನಿಜ ಆಗ್ಲಿಲ್ಲ ಅಂದ್ರೆ ಗಂಟಲು ನೋಯಿಸ್ಕೊಂಡಿದ್ದೂ ದಂಡ."

ಧರ್ಮದ ಬಗ್ಗೆ ನಾನು ಅವರ ಬಾಯಿಂದ ಕೇಳಿದ ಅತ್ಯಂತ ದೀರ್ಘವಾದ ಉಪನ್ಯಾಸ ಇದು.

ದೇಶಕ್ಕೆ ಹಣದ ಮುಗ್ಗಟ್ಟು ಬರುವ ಹಿಂದಿನ ವರ್ಷ ಈ ಸಾಲಿಗೆ ನೇಪಾಳದಿಂದ ದಿಲ್ ಕುಮಾರ್ ಘರ್ತಿ ಅವರು ಬಂದರು. ತರಬೇತಿಯ ಹೆಸರಿನಲ್ಲಿ ದುಡಿಮೆಗೆ ಕರೆತಂದವರಲ್ಲಿ ಒಬ್ಬರು. ಅಂಥವರನ್ನು ಕಾರ್ಖಾನೆಯ ಒಡೆಯರು ಬೇಡವೆಂದರೆ ಮುಗಿಯಿತು, ವಿಮಾನ ಹತ್ತಿಸುತ್ತಿದ್ದರು. ಪೋಖರಾದ ರಸ್ತೆಯಲ್ಲಿ ಅವರು ಬಸ್ ಕಂಡಕ್ಟರ್ ಆಗಿದ್ದರು. ಹೆಣ್ಣುಮಕ್ಕಳಿಬ್ಬರೂ ಅಲ್ಲಿಯ ವಸತಿ ಶಾಲೆಯಲ್ಲಿ ಓದುತ್ತಿದ್ದರು. ಕಂಡಕ್ಟರ್ ಕೆಲಸದ ಫಲವೋ ಏನೋ, ಅವರ ಕಿವಿ ಅಸಾಧಾರಣ. ಕೇಳಿದ್ದನ್ನು ಕೇಳಿದ ಹಾಗೆಯೇ, ರಾಗಸಮೇತ ಹಿಡಿಯುತ್ತಿದ್ದರು. ಚಳಿ ಬಿಡುವಷ್ಟರಲ್ಲಿ ಅಪ್ಪಟ ಬುಸಾನಿನ ಬೀದಿಯ ಭಾಷೆ ಅವರ ಬಾಯಲ್ಲಿ ಓಡಾಡುತ್ತಿತ್ತು.

ತೊಡಕಿದ್ದದ್ದು ಅಲ್ಲಿಯೇ. ಕಾರ್ಖಾನೆಯಲ್ಲಿ ಪರದೇಶದ ಕೆಲಸಗಾರರನ್ನು ಯಾರೂ "ನೀವು" ಎನ್ನುತ್ತಿರಲಿಲ್ಲ. ಲಾರಿಯವರು, ಪ್ಯಾಕಿಂಗಿನವರು, ಗೇಟಿನವರು ಎಲ್ಲರಿಗೂ ಅವರು "ಲೋ, ಬಾರೋ, ಎತ್ತೋ". ಸುನ್‌ಬೊಕ್ ಅವರಿಗೂ ದಿಲ್ ಕುಮಾರ್ "ನೀನು" ಆಗಿದ್ದರು. ಅದು ತಾಯಿಯ ನೀನು ಎಂಬುದಷ್ಟೇ ವ್ಯತ್ಯಾಸ. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ದನದ ಮಾಂಸದ ಸಾರು ಮಾಡಿಸಿದ್ದರು. ದಿಲ್ ಕುಮಾರ್ ಅದನ್ನು ಮುಟ್ಟುವುದಿಲ್ಲವೆಂದು ತಿಳಿದ ಸುನ್‌ಬೊಕ್ ಅವರು ಮನೆಯಿಂದ ಒಣಮೀನಿನ ಸಾರನ್ನು ಬೇರೆ ಪಾತ್ರೆಯಲ್ಲಿ ತಂದಿದ್ದರು. ಬೆನ್ನು ತಟ್ಟಿ, "ಊಟ ಆಯ್ತೇನೋ? ಮುಖ ಯಾಕೋ ಹಿಂಗ್ ಸಪ್ಪಗಿದೆ? ಬಾ, ಬಿಸಿ ಸಾರು ಕುಡಿ, ಕೆಲ್ಸ ಎಲ್ಲೂ ಓಡ್ಹೋಗಲ್ಲ" ಎಂದು ಕೂರಿಸಿದರು. ಇದು ಅವರ ನಿತ್ಯದ ಮಾತು. ಇಡೀ ಕಾರ್ಖಾನೆಯಲ್ಲಿ ದಿಲ್ ಕುಮಾರ್ ಕೇಳಿದ ಅತ್ಯಂತ ಸಿಹಿಯಾದ ಮಾತೂ ಇದೇ.

ದಿಲ್ ಕುಮಾರ್ ತಿರುಗಿ ಎಲ್ಲರನ್ನೂ "ನೀನು" ಎಂದರು. ಜನ ನಕ್ಕರು. "ಏ ಮುದುಕಿ, ಆಚೆ ಸರಿ, ಎಣ್ಣೆ ಸಿಡಿಯತ್ತೆ" ಎಂದರೆ ಮಾಲ್ಸುನ್ ಹೊಟ್ಟೆ ಹಿಡಿದುಕೊಂಡು, "ಇನ್ನೊಂದ್ಸಲ ಅನ್ನೋ, ಇನ್ನೊಂದ್ಸಲ!" ಎನ್ನುತ್ತಿದ್ದರು. ಗಿಳಿಯ ಮಾತಿಗೆ ನಗುವಂತೆ ನಕ್ಕರೇ ಹೊರತು ತಿದ್ದುವ ಸೌಜನ್ಯ ಒಬ್ಬರಿಗೂ ಇರಲಿಲ್ಲ. ಬೆಳೆದ ಗಂಡಸೊಬ್ಬರನ್ನು ಅರ್ಧ ಭಾಷೆಯಲ್ಲಿ ಬಿಟ್ಟು ಮೋಜು ನೋಡುವುದಕ್ಕೆ ಏನೆನ್ನಬೇಕು?

ನಮ್ಮ ಯಜಮಾನರಾದ ಮಾ ದಲ್ಸು ಅವರು ಸಭೆಯ ಹಿರಿಯರಲ್ಲಿ ಒಬ್ಬರು. ತಳ್ಳುಗಾಡಿಯಿಂದ ಆರಂಭಿಸಿ ಕಾರ್ಖಾನೆ ಕಟ್ಟಿದ ಶ್ರಮಜೀವಿ. ಕೆಟ್ಟವರೆಂದು ನಾನು ಹೇಳಲಾರೆ. ಪ್ರತಿ ಸೋಮವಾರ ಬೆಳಿಗ್ಗೆ ಯಂತ್ರ ಶುರುವಾಗುವ ಮುನ್ನ ಊಟದ ಕೋಣೆಯಲ್ಲಿ ಆರಾಧನೆ ನಡೆಸಿ, ನಮ್ಮ ಭಾಷೆಯ ರೂಢಿಯಂತೆ ದೇವರಿಗೆ ಬಹುವಚನದಲ್ಲಿ ತಾವೇ ಪ್ರಾರ್ಥಿಸುತ್ತಿದ್ದರು. ಆದರೆ ಒಂದು ಸಂಗತಿಯನ್ನು ದಾಖಲಿಸಲೇಬೇಕು. ಭಾನುವಾರ ಸಭಾಮಂದಿರದ ಮೆಟ್ಟಿಲ ಮೇಲೆ "ಕ್ವೊನ್ಸಾ ಅವರೇ, ಬನ್ನಿ, ಆರೋಗ್ಯವೇ?" ಎನ್ನುತ್ತಿದ್ದ ಅದೇ ಬಾಯಿ ಸೋಮವಾರ ಕಾರ್ಖಾನೆಯಲ್ಲಿ "ಏ ಸುನ್‌ಬೊಕ್, ಬಾ ಇಲ್ಲಿ" ಎನ್ನುತ್ತಿತ್ತು. ಸುನ್‌ಬೊಕ್ ಅವರು ಎರಡಕ್ಕೂ ಒಂದೇ ರೀತಿ ತಲೆಬಾಗುತ್ತಿದ್ದರು.

ವಸಂತದ ಒಂದು ದಿನ ಸಿಯೋಲಿನ ದೊಡ್ಡ ಅಂಗಡಿಯೊಂದರ ಖರೀದಿಯವರು ಕಾರ್ಖಾನೆ ನೋಡಲು ಬಂದರು. ಹಿಂದಿನ ರಾತ್ರಿಯಿಂದ ಹಲ್ಲುನೋವಿನಲ್ಲಿದ್ದ ಯಜಮಾನರು ಬಿಳಿಚಿಕೊಂಡ ಮುಖದಲ್ಲಿಯೇ ಅತಿಥಿಗಳನ್ನು ಕರಿಯುವ ಸಾಲಿಗೆ ಕರೆತಂದರು. ದಿಲ್ ಕುಮಾರ್ ಆ ಮುಖವನ್ನು ಕಂಡರು. ಅವರಿಗೆ ಕನಿಕರವಾಯಿತು. ಜಾಲರಿ ಕೆಳಗಿಟ್ಟು, ಕೈ ಒರೆಸಿಕೊಂಡು ನೇರವಾಗಿ ಬಂದು, ಯಜಮಾನರ ಬೆನ್ನು ತಟ್ಟಿದರು.

"ಊಟ ಆಯ್ತೇನೋ, ಯಜಮಾನ? ಮುಖ ಯಾಕೋ ಹಿಂಗ್ ಸಪ್ಪಗಿದೆ? ಬಾ, ಬಿಸಿ ಸಾರು ಕುಡಿ, ಕೆಲ್ಸ ಎಲ್ಲೂ ಓಡ್ಹೋಗಲ್ಲ."

ಸಿಯೋಲಿನವರಲ್ಲಿ ಒಬ್ಬರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು.

ಅತಿಥಿಗಳು ಹೋದ ಮೇಲೆ ನಡೆದದ್ದನ್ನು ನಾನು ಬಲ್ಲೆ, ಏಕೆಂದರೆ ಯಜಮಾನರ ಕೋಣೆಯ ಹೀಟರ್ ಕೆಟ್ಟಿತ್ತು. ನಾನು ಅದರ ಕೆಳಗೆ ಅಂಗಾತ ಮಲಗಿ ತಿರುಪು ಬಿಗಿಯುತ್ತಿದ್ದೆ.

"ನನ್ನ ಹೆತ್ತಪ್ಪ ಕೂಡ ನನ್ನ ಬೆನ್ನು ಹಾಗೆ ತಟ್ಟಿಲ್ಲ!" ಯಜಮಾನರು ಕೆನ್ನೆ ಒತ್ತಿ ಹಿಡಿದು ಗುಡುಗಿದರು. "ಲಿಫ್ಟ್ ಬಾಗಿಲು ಮುಚ್ಚೋ ತನಕ ತಡ್ಕೊಂಡು, ಆಮೇಲೆ ನಕ್ರಲ್ಲ ಅವರು, ಇಲ್ಲೀ ತನಕ ಕೇಳಿಸ್ತು. ಅವನ ಕಾಗದಪತ್ರ ತೆಗೀರಿ. ಊರಿಗೆ ಕಳಿಸಿ."

ಸುನ್‌ಬೊಕ್ ಅವರು ಏಪ್ರನ್ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದರು. "ಯಜಮಾನ್ರೇ, ಆ ಮಾತು ನಂದು."

"ಏನು ನಿಂದು?"

"ಪದ ಪದಾನೂ ನಂದೇ. ಬೆನ್ನು ತಟ್ಟೋದೂ ನಂದೇ. ದಿನಾ ನಾನು ಅವನಿಗೆ ಹೇಳೋದನ್ನ ಅವನು ಒಂದ್ಸಲ ನಿಮಗೆ ಹೇಳಿದ. ಕಳಿಸೋದಾದ್ರೆ ನನ್ನ ಕಳಿಸಿ."

"ನೀನು ಅವನಿಗೆ ಹೇಳೋದು ಬೇರೆ, ಅವನು ನಂಗೆ ಹೇಳೋದು ಬೇರೆ! ಮೇಲು ಕೆಳಗು ಗೊತ್ತಾಗಲ್ವಾ ಅವನಿಗೆ?"

"ಹೆಂಗ್ ಗೊತ್ತಾಗ್ಬೇಕು, ಯಜಮಾನ್ರೇ? ಅವನಿಗೆ ಮೇಲಿನ ಮಾತು ಯಾರೂ ಹೇಳೇ ಇಲ್ಲ."

ಯಜಮಾನರು ಕೆನ್ನೆ ಸವರಿಕೊಂಡರು. ಕೊನೆಗೆ ತೀರ್ಪು ಹೇಳಿದರು: ಬರುವ ಸೋಮವಾರದ ಆರಾಧನೆಯಲ್ಲಿ ದಿಲ್ ಕುಮಾರ್ ಎಲ್ಲರೆದುರು, ಸರಿಯಾದ ಮರ್ಯಾದೆಯ ಭಾಷೆಯಲ್ಲಿ ಕ್ಷಮೆ ಕೇಳಬೇಕು. ಒಂದು ಪದ ತಪ್ಪಿದರೂ ವಿಮಾನ.

ಸುನ್‌ಬೊಕ್ ಅವರು ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದರು: ಕ್ಷಮೆಯ ವಾಕ್ಯವೊಂದನ್ನು ಬಾಯಿಪಾಠ ಮಾಡಿಸಲು ಹೊರಟರು. "ತಾವು ದಯಮಾಡಿ ಕ್ಷಮಿಸಬೇಕು" ಎಂದು ಇವರು ಹೇಳಿಕೊಟ್ಟರೆ ದಿಲ್ ಕುಮಾರ್ "ನೀನು ದಯಮಾಡಿ ಕ್ಷಮಿಸಬೇಕು ಕಣೋ" ಎಂದರು. ಕಿವಿಯಿಂದ ಕಲಿಯುವವರಿಗೆ ಬರಿಯ ಪಾಠ ಹತ್ತುವುದಿಲ್ಲ. ನಿತ್ಯ ಕೇಳಿದ ಬಾಲವೇ ಬಂದು ಅಂಟಿಕೊಳ್ಳುತ್ತಿತ್ತು. ಆಗ ಸುನ್‌ಬೊಕ್ ಅವರು ಜಾಲರಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತದ್ದನ್ನು ನಾನು ಕಂಡೆ. ಓಮುಕ್ ಕಪ್ಪಾಗುತ್ತಿತ್ತು. ಅವರ ಬಾಣಲೆಯಲ್ಲಿ ಸೀದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವರು ತಿರುಗಿ, ಸ್ಪಷ್ಟವಾಗಿ ಹೇಳಿದರು: "ದಿಲ್ ಕುಮಾರ್ ಅವರೇ, ಆ ತಟ್ಟೆ ಸ್ವಲ್ಪ ಇತ್ತ ಕೊಡ್ತೀರಾ?"

ದಿಲ್ ಕುಮಾರ್ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದರು.

"ಯಾರಕ್ಕಾ ಬಂದಿರೋದು, ಮೇಯರ್‌ ಸಾಹೇಬ್ರಾ?" ಮಾಲ್ಸುನ್ ಕತ್ತು ಚಾಚಿದರು.

"ನೀನೂ ಹಾಗೇ ಮಾತಾಡ್ಬೇಕು ಕಣೇ. ಸಾಲಲ್ಲಿರೋ ಎಲ್ರೂ. ಅವರಿಗೆ ಕೇಳಿಸ್ಬೇಕು."

"ನಾನಾ? ಈ ಮೂತಿಗಾ? ನನ್ನ ಗಂಡಂಗೇ ಇಷ್ಟು ವರ್ಷದಲ್ಲಿ ನೀವು ಅಂದಿಲ್ಲ, ಅಕ್ಕಾ. ಕೇಳಿದ್ರೆ ಅವನು ಡಾಕ್ಟರ್ ಹತ್ರ ಕರ್ಕೊಂಡ್ಹೋಗ್ತಾನೆ."

"ನಿನ್ನ ಗಂಡನ್ನ ಯಾರೂ ವಿಮಾನ ಹತ್ತಿಸ್ತಿಲ್ವಲ್ಲ. ಹೇಳು."

ಮಾಲ್ಸುನ್ ಗಂಟಲು ಸರಿಮಾಡಿಕೊಂಡು, ಮದುವೆಮನೆಯ ಬಾಗಿಲಲ್ಲಿ ನಿಂತವರಂತೆ ಬಾಗಿ, "ಘರ್ತಿ ಸಾಹೇಬ್ರೇ, ತಮ್ಮ ಬೂಟು ನನ್ನ ಕಾಲ ಮೇಲಿದೆ. ತಾವು ದೊಡ್ಡ ಮನಸ್ಸು ಮಾಡಿ ಎತ್ತಿದ್ರೆ ನನ್ನ ಬೆರಳು ಉಳಿಯುತ್ತೆ" ಎಂದರು. ಸಾಲೆಲ್ಲ ನಕ್ಕಿತು. ಆದರೂ ಸಾಲೆಲ್ಲ ಶುರುಮಾಡಿತು.

ಆದರೆ ಎಣಿಸದೆ ಇದ್ದದ್ದೊಂದು ನಡೆಯಿತು. ದಿಲ್ ಕುಮಾರ್ ಮಾತು ಕಡಿಮೆ ಮಾಡಿದರು. ಊಟಕ್ಕೆ ಸುನ್‌ಬೊಕ್ ಅವರ ಪಕ್ಕ ಕೂರುವುದನ್ನು ಬಿಟ್ಟು, ತಟ್ಟೆ ಹಿಡಿದು ಹೊರಗೆ ಮಂಜುಗಡ್ಡೆಯ ಪೆಟ್ಟಿಗೆಗಳ ಮೇಲೆ ಒಬ್ಬರೇ ಕೂತರು. ಶನಿವಾರ ಪಾಳಿ ಮುಗಿದ ಮೇಲೆ, ನಾನು ಎಣ್ಣೆಯ ಕೊಳವೆ ತೊಳೆಯುತ್ತಿದ್ದಾಗ, ಸುನ್‌ಬೊಕ್ ಅವರ ಎದುರು ಬಂದು ನಿಂತರು.

"ಅಮ್ಮಾ, ನಂಗೆ ಬೈ. ಹೊಡಿ ಬೇಕಾದ್ರೆ. ಹಿಂಗೆ ದೂರ ಮಾಡ್ಬೇಡ."

"ಯಾರು ದೂರ ಮಾಡಿದ್ರು?"

"ನೀನು. ಮುಂಚೆ ಬಾರೋ ಅಂತಿದ್ದೆ. ಈಗ ಬನ್ನಿ ಅಂತೀಯ. ಬ್ಯಾಂಕಲ್ಲಿ ಹಂಗಂತಾರೆ. ಗೇಟಿಗೆ ಬರೋ ಅಪರಿಚಿತರಿಗೆ ಹಂಗಂತಾರೆ. ನಾನು ತಪ್ಪು ಮಾಡ್ದೆ, ಅದಕ್ಕೆ ನಾನು ನಿಂಗೆ ಪರಕೀಯ ಆದೆ. ಅಲ್ವಾ?"

ಸುನ್‌ಬೊಕ್ ಅವರು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತರು. ಮಾತಿನ ಮನುಷ್ಯರಲ್ಲದ ಅವರು ಪದಗಳನ್ನು ಎಣ್ಣೆಯಿಂದ ಒಂದೊಂದಾಗಿ ಎತ್ತುವಂತೆ ಹೇಳಿದರು.

"ಇಲ್ಲಪ್ಪ. ಕೇಳಿ ಇಲ್ಲಿ. ನಾನು ಇಷ್ಟು ದಿನ ನಿಮಗೆ ಸಾರು ಬಡಿಸ್ದೆ, ಒಳ್ಳೇದು ಮಾಡ್ತಿದೀನಿ ಅನ್ಕೊಂಡೆ. ಮೇಲಿಂದ ಬಡಿಸ್ತಿದ್ದೆ. ನಮ್ಮ ಕರ್ತ ತಮ್ಮ ಬೆಸ್ತ ಶಿಷ್ಯರ ಕಾಲು ತೊಳೆಯೋವಾಗ ಕೆಳಗೆ ಬಗ್ಗಿದ್ರು. ನಾನು ಬಗ್ಗಿರ್ಲಿಲ್ಲ. ನಿಮ್ಮ ಮಕ್ಕಳು ಇಲ್ಲಿಗೆ ಬಂದ್ರೆ, ಅಪ್ಪನ್ನ ಎಲ್ರೂ 'ಲೋ' ಅನ್ನೋದು ಕೇಳಿಸ್ಕೊಂಡ್ರೆ, ನನಗೆಲ್ಲಿ ಮುಖ? ಪ್ರೀತಿ ಕಡಿಮೆ ಆಗಿಲ್ಲ. ಬಾಕಿ ಇದ್ದಿದ್ದನ್ನ ಕೊಡ್ತಿದೀನಿ ಅಷ್ಟೆ."

ದಿಲ್ ಕುಮಾರ್ ಅವರಿಗೆ ಎಲ್ಲವೂ ತಿಳಿಯಿತೆಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳ ಹೆಸರೆತ್ತಿದಾಗ ಅವರು ತಲೆಯಾಡಿಸಿದರು. ಹೋಗುವಾಗ ಹೇಳಿದ್ದು ಇಷ್ಟೇ: "ಸೋಮವಾರ ನಾನು ಸರಿ ಹೇಳ್ತೀನಿ. ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಮಾತು ನಂಗೆ ಗೊತ್ತು. ನೋಡ್ತಿರು."

ಆ ಮಾತಿಗೆ ನಾವಿಬ್ಬರೂ ಆಗಲೇ ಹೆದರಬೇಕಿತ್ತು. ಹೆದರಲಿಲ್ಲ.

ಸೋಮವಾರ ಊಟದ ಕೋಣೆ ಕಿಕ್ಕಿರಿದಿತ್ತು. ಆರಾಧನೆಗೆ ಎಂದೂ ಬಾರದ ಲಾರಿಯವರೂ ಬಂದು ಗೋಡೆಗೆ ಒರಗಿದ್ದರು. ಭಕ್ತಿಯಿಂದ ಬಂದವರೆಂದು ಸ್ಮರಣ ಸಂಚಿಕೆ ಹೇಳುತ್ತದೆ. ಅವರು ತಮಾಷೆ ನೋಡಲು ಬಂದವರು. ಹಾಡು ಮುಗಿಯಿತು, ಯಜಮಾನರ ಪ್ರಾರ್ಥನೆ ಮುಗಿಯಿತು. ದಿಲ್ ಕುಮಾರ್ ಶುಭ್ರವಾದ ಅಂಗಿ ತೊಟ್ಟು ಮುಂದೆ ಬಂದರು. ಕೈ ಜೋಡಿಸಿ, ಕಣ್ಣು ಮುಚ್ಚಿ, ಯಜಮಾನರದೇ ಕಂಪಿಸುವ ಸ್ವರವನ್ನು ತೆಗೆದು ಆರಂಭಿಸಿದರು:

"ಸರ್ವಶಕ್ತರೂ ಪರಮ ದಯಾಳುಗಳೂ ಆಗಿರುವ ಮಾ ಯಜಮಾನರೇ! ತಮ್ಮ ಅಪಾರ ಕೃಪೆಯಿಂದ ಈ ಮುಂಜಾನೆ ನಮ್ಮನ್ನು ತಮ್ಮ ಸನ್ನಿಧಿಗೆ ಕರೆತಂದಿದ್ದೀರಿ. ಧೂಳಿಗೂ ಸಮನಲ್ಲದ ಈ ಪಾಪಿಯು ತಮ್ಮ ಪರಿಶುದ್ಧ ಬೆನ್ನನ್ನು ತಟ್ಟಿರುತ್ತಾನೆ. ತಾವು ಈ ದೀನನನ್ನು ಕ್ಷಮಿಸಿ, ತಮ್ಮ ಮಹಿಮೆಗಾಗಿ ಉಳಿಸಿಕೊಳ್ಳಬೇಕೆಂದು ಬೇಡುತ್ತೇನೆ. ಆಮೆನ್."

"ಆಮೆನ್!" ಎಂದಿತು ಸಭೆ. ಆ ಸ್ವರ ಕೇಳಿದರೆ ಆಮೆನ್ ಎನ್ನುವುದು ನಮ್ಮವರಿಗೆ ಉಸಿರಾಟದಷ್ಟು ರೂಢಿ. ಏನು ಹೇಳಿದೆವೆಂದು ತಿಳಿದದ್ದು ಹೇಳಿದ ಮೇಲೆ. ಆಮೇಲೆ ಮಾಲ್ಸುನ್ ಅವರ ನಗೆ ಸಿಡಿಯಿತು, ಗೋಡೆಯ ಲಾರಿಯವರು ಒಬ್ಬರ ಮೇಲೊಬ್ಬರು ಬಿದ್ದರು.

"ನಿಲ್ಲಿಸು! ಏನಿದು ದೇವದೂಷಣೆ!" ಯಜಮಾನರ ಕಿವಿಗಳು ಕೆಂಪಾಗಿದ್ದವು. "ಅದು ದೇವರಿಗೆ ಹೇಳೋ ಮಾತು! ಮನುಷ್ಯರಿಗೆ ಹೇಳೋದಲ್ಲ!"

ದಿಲ್ ಕುಮಾರ್ ಕಣ್ಣು ತೆರೆದರು. ಅವರ ಮುಖದಲ್ಲಿ ಕುಚೋದ್ಯ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಾನು ಇದಕ್ಕೆ ಸಾಕ್ಷಿ. ಇದ್ದದ್ದು ಭಯ.

"ನಾನು ಈ ಕಾರ್ಖಾನೆಯಲ್ಲಿ ಕೇಳಿರೋ ದೊಡ್ಡ ಮರ್ಯಾದೆ ಮಾತು ಅದೊಂದೇ" ಎಂದರು. "ನೀನೇ ಹೇಳೋದು, ಪ್ರತಿ ಸೋಮವಾರ. ಮನುಷ್ಯರಿಗೆ ಹೇಳೋದು ಬೇರೆ ಇದ್ಯಾ? ನಿನ್ನ ಬಾಯಲ್ಲಿ ನಾನು ಕೇಳೇ ಇಲ್ವಲ್ಲ."

ನಗು ನಿಂತಿತು. ಯಾರೂ ನಿಲ್ಲಿಸಲಿಲ್ಲ, ತಾನಾಗಿಯೇ ನಿಂತಿತು.

ಹಿಂದಿನ ಬೆಂಚಿನಿಂದ ಸುನ್‌ಬೊಕ್ ಅವರು ಎದ್ದರು. ಪ್ರಾರ್ಥನೆಗೆ ಕರೆದರೆ ಏಳದವರು, ಯಾರೂ ಕರೆಯದೆ ಎದ್ದರು.

"ಯಜಮಾನ್ರೇ, ಅವರು ಕಿವಿಯಿಂದ ಕಲಿಯೋರು. ನಾವು ಶನಿವಾರದ ತನಕ ಹೇಳಿದ್ದು ಸಾಲಲಿಲ್ಲ. ನೀವು ಒಂದ್ಸಲ ಹೇಳ್ಬಿಡಿ. ತಕ್ಷಣ ಹಿಡ್ಕೋತಾರೆ. ಆಮೇಲೂ ತಪ್ಪಿದ್ರೆ ನೀವು ಹೇಳಿದ್ದೇ ಆಗ್ಲಿ, ನಾನು ಅಡ್ಡ ಬರಲ್ಲ."

ಯಜಮಾನರು ಸಭೆಯನ್ನು ನೋಡಿದರು. ಕಾರ್ಖಾನೆಯ ಒಡೆಯರಾಗಿ ಅವರು ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೆ ದೇವರಿಗೆ ಸಲ್ಲಬೇಕಾದದ್ದನ್ನು ತಾವು ಇಟ್ಟುಕೊಂಡು ಹೋಗುವುದು ಸಭೆಯ ಹಿರಿಯರಾಗಿ ಸಾಧ್ಯವಿರಲಿಲ್ಲ. ತಿದ್ದದೆ ಬಿಡುವಂತಿಲ್ಲ, ತಾವೇ ಹೇಳದೆ ತಿದ್ದುವಂತಿಲ್ಲ. ಅವರು ಒಮ್ಮೆ ಕೆಮ್ಮಿದರು.

"ದಿಲ್ ಕುಮಾರ್... ಅವರೇ" ಎಂದರು. ಕೊನೆಯ ಪದ ಕಲ್ಲು ಜಗಿದಂತೆ ಬಂದಿತು. "ನೀವು ಊಟ ಮಾಡಿದಿರಾ?"

ದಿಲ್ ಕುಮಾರ್ ಕೆಮ್ಮಿದರು. ಕೆಮ್ಮೂ ವಾಕ್ಯದ ಭಾಗವೆಂದು ತಿಳಿದಿದ್ದರು. "ಯಜಮಾನರೇ, ನೀವು ಊಟ ಮಾಡಿದಿರಾ?"

"ಮೊನ್ನೆ ಆದದ್ದಕ್ಕೆ, ದಯವಿಟ್ಟು ಕ್ಷಮಿಸಿ."

"ಮೊನ್ನೆ ಆದದ್ದಕ್ಕೆ, ದಯವಿಟ್ಟು ಕ್ಷಮಿಸಿ."

ಒಂದು ಪದವೂ ತಪ್ಪಲಿಲ್ಲ. ಯಜಮಾನರು ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡವರಂತೆ ಕೆನ್ನೆ ಮುಟ್ಟಿಕೊಂಡರು. ಆಮೇಲೆ ತಲೆಯಾಡಿಸಿ, "ಸರಿ. ಕೆಲಸಕ್ಕೆ ಹೋಗಿ" ಎಂದರು. "ಹೋಗು" ಎನ್ನಲಿಲ್ಲ.

ಮನುಷ್ಯರ ಭಾಷೆಯಲ್ಲಿ "ಕ್ಷಮಿಸಿ" ಎಂಬ ಮಾತನ್ನು ಅಂದು ಮೊದಲು ಉಚ್ಚರಿಸಿದವರು ಮಾ ದಲ್ಸು. ಪಾಠಕ್ಕಾಗಿ ಉಚ್ಚರಿಸಿದರೋ, ಬೇರೆ ಕಾರಣವಿತ್ತೋ, ನಾನು ಅವರ ಮನಸ್ಸನ್ನು ಹೊಕ್ಕು ನೋಡಿದವನಲ್ಲ. ಕ್ರಮ ಮಾತ್ರ ಇದೇ. ಇನ್ನು, ಅಂದಿನಿಂದ ಕಾರ್ಖಾನೆಯೆಲ್ಲ ಬದಲಾಯಿತೆಂದು ಯಾರಾದರೂ ಬರೆದರೆ ಅದೂ ಸುಳ್ಳು. ಲಾರಿಯವರು ಬದಲಾಗಲಿಲ್ಲ. ಯಜಮಾನರು ದಿಲ್ ಕುಮಾರ್ ಅವರೊಬ್ಬರನ್ನು ನೀವು ಎಂದರು, ಉಳಿದವರ ವಿಷಯದಲ್ಲಿ ಮರೆತರು, ನೆನಪಾದಾಗ ತಿದ್ದಿಕೊಂಡರು. ಕರಿಯುವ ಸಾಲು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಅಲ್ಲಿ ಬೈಗುಳ ಕೂಡ ಬಹುವಚನದಲ್ಲಿಯೇ ಬರುತ್ತಿತ್ತು: "ಉಪ್ಪು ಎರಡು ಸಲ ಹಾಕಿದೀರಲ್ರೀ, ನೀವೊಂದು ಶುದ್ಧ ಕತ್ತೆ ಕಣ್ರೀ!"

ದಿಲ್ ಕುಮಾರ್ ತಮ್ಮ ಅವಧಿ ಪೂರ್ತಿ ಮುಗಿಸಿಯೇ ಊರಿಗೆ ಮರಳಿದರು.

ಆ ಸೋಮವಾರದ ಮಧ್ಯಾಹ್ನದ ಒಂದು ಸಂಗತಿ ಉಳಿದಿದೆ. ಊಟದ ಗಂಟೆ ಹೊಡೆದಾಗ ದಿಲ್ ಕುಮಾರ್ ಹೊರಗಿನ ಪೆಟ್ಟಿಗೆಗಳ ಕಡೆಗೆ ಹೋಗಲಿಲ್ಲ. ತಟ್ಟೆ ಹಿಡಿದು ಸುನ್‌ಬೊಕ್ ಅವರ ಪಕ್ಕಕ್ಕೆ ಬಂದು, ಬೆಂಚನ್ನು ಎಳೆದುಕೊಂಡು ಕುಳಿತರು.

"ಅಮ್ಮಾ, ನೀವು ಸ್ವಲ್ಪ ಆ ಕಡೆ ಸರೀರಿ" ಎಂದರು. "ನನಗೂ ಜಾಗ ಬೇಕು."

ಸುನ್‌ಬೊಕ್ ಅವರು ಸರಿದು ಕೂತರು.